ತಾತನ ಮರೆವು ಊರಿಗೆಲ್ಲ ಗೊತ್ತು, ಅಜ್ಜಿಯ ಮರೆವು ಅಡುಗೆಮನೆಗೆ ಮಾತ್ರ

ಕಳೆದ ಮಳೆಗಾಲದಲ್ಲಿ ನಮ್ಮ ತಾಲ್ಲೂಕಿನ ಒಂದು ಹಳ್ಳಿಯಿಂದ ಫೋನ್ ಬಂತು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದ ತಾತ ಮನೆಗೆ ವಾಪಸ್ ಬಂದಿಲ್ಲ, ಪೇಪರಿಗೆ ಹಾಕಿ ಅಂತ. ನಾವು ಊರು ತಲುಪುವ ಹೊತ್ತಿಗೆ ಸುತ್ತಮುತ್ತಲ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ತಾತನ ಫೋಟೋ ಓಡಾಡುತ್ತಿತ್ತು. ಹುಡುಗರು ಬೈಕ್ ಹತ್ತಿ ನಾಲ್ಕು ದಿಕ್ಕಿಗೂ ಹೊರಟಿದ್ದರು. ಸಂಜೆ ಹೊತ್ತಿಗೆ ಎಂಟು ಕಿಲೋಮೀಟರ್ ಆಚೆಯ ಬಸ್ ಸ್ಟಾಪಿನಲ್ಲಿ, ಖಾಲಿ ಹಾಲಿನ ಕ್ಯಾನ್ ಹಿಡಿದು ಕೂತಿದ್ದ ತಾತ ಸಿಕ್ಕಿದರು. ಮರುವಾರವೇ ಮಕ್ಕಳು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮರೆವಿನ ಕಾಯಿಲೆ ಅಂತ ಡಾಕ್ಟರು ಹೇಳಿದರು.

ಅವತ್ತು ಅದೇ ಬೀದಿಯ ಇನ್ನೊಂದು ಮನೆಯಲ್ಲಿ ನಮಗೆ ಕಾಫಿ ಕೊಟ್ಟ ಹೆಣ್ಣುಮಗಳು ಮಾತಿಗೆ ಮಾತು ಬಂದು ಹೇಳಿದಳು: "ನಮ್ಮತ್ತೇನೂ ಹಿಂಗೇ ಆಡ್ತಾರೆ ಅಣ್ಣ. ಸಾರಿಗೆ ಎರಡು ಸಲ ಉಪ್ಪು ಹಾಕ್ತಾರೆ. ದುಡ್ಡು ತಾವೇ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು ನಾನು ಕದ್ದೆ ಅಂತಾರೆ. ಆದ್ರೆ ಅವರು ಮನೆ ಬಿಟ್ಟು ಎಲ್ಲೂ ಹೋಗಲ್ಲ, ಅದಕ್ಕೇ ಯಾರಿಗೂ ಗೊತ್ತಿಲ್ಲ."

ಎಷ್ಟು ದಿನದಿಂದ ಅಂತ ಕೇಳಿದೆವು. ಎರಡು ವರ್ಷ ಆಗಿರಬಹುದು ಅಂದಳು. ಆಸ್ಪತ್ರೆಗೆ? "ವಯಸ್ಸಾಯ್ತಲ್ಲ ಅಂತಾರೆ ಇವರು. ಅತ್ತೆ ಸೊಸೆ ಜಗಳ ಅಂತಾರೆ."

ಒಂದೇ ಬೀದಿ, ಎರಡು ಮನೆ. ತಾತ ಒಂದು ದಿನ ಕಾಣೆಯಾದದ್ದಕ್ಕೆ ಒಂದು ವಾರದಲ್ಲಿ ಡಾಕ್ಟರು ಸಿಕ್ಕರು. ಅಜ್ಜಿ ತನ್ನ ಮನೆಯೊಳಗೇ ಎರಡು ವರ್ಷದಿಂದ ದಾರಿ ತಪ್ಪಿದ್ದರೂ ಯಾರೂ ಹುಡುಕಲಿಲ್ಲ. ಈ ಬರಹ ಆ ಎರಡನೇ ಮನೆಯ ಬಗ್ಗೆ.

ವಯಸ್ಸಲ್ಲ, ಕಾಯಿಲೆ

ಅರವತ್ತಕ್ಕೆ ಅರಳು ಮರಳು ಅನ್ನೋ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಈ ಗಾದೆ ಎಷ್ಟೋ ಜನರನ್ನು ಆಸ್ಪತ್ರೆಯಿಂದ ದೂರ ಇಟ್ಟಿದೆ ಅಂತ ನಮಗೆ ಅನ್ನಿಸುತ್ತದೆ. ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ವಯಸ್ಸು. ಕನ್ನಡಕ ಯಾತಕ್ಕೆ ಅಂತಲೇ ಮರೆಯುವುದು ಕಾಯಿಲೆ. ಡಾಕ್ಟರುಗಳು ಇದನ್ನು ಡಿಮೆನ್ಶಿಯಾ ಅನ್ನುತ್ತಾರೆ. ಇದು ಒಂದೇ ರೋಗವಲ್ಲ, ಹಲವು ರೋಗಗಳಿಗೆ ಇಟ್ಟ ಒಟ್ಟು ಹೆಸರು. ಅದರಲ್ಲಿ ಹೆಚ್ಚು ಜನರಿಗೆ ಬರುವುದು ಅಲ್ಝೈಮರ್. ಮೆದುಳಿಗೆ ರಕ್ತ ಸರಿಯಾಗಿ ಹೋಗದೆ ಬರುವ ಮರೆವು ಎರಡನೆಯದು.

ಅಲ್ಝೈಮರ್ ಅಂತ ಮೊದಲು ಗುರುತಾದದ್ದೇ ಒಬ್ಬ ಹೆಂಗಸಿನಲ್ಲಿ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗಸ್ಟೆ ಡೆಟರ್ ಎಂಬ 51 ವರ್ಷದ ಮಹಿಳೆಯನ್ನು ಸೇರಿಸಿದರು. ಆಕೆಗೆ ಮೊದಲು ಕಾಣಿಸಿಕೊಂಡದ್ದು ಗಂಡನ ಮೇಲೆ ಕಾರಣವಿಲ್ಲದ ಅನುಮಾನ. ಆಮೇಲೆ ಮರೆವು, ಅಡುಗೆಯಲ್ಲಿ ತಪ್ಪುಗಳು, ವಸ್ತುಗಳನ್ನು ಬಚ್ಚಿಡುವುದು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅಲೋಯಿಸ್ ಅಲ್ಝೈಮರ್ ಎಂಬ ವೈದ್ಯ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಕಾಯಿಲೆಯನ್ನು ಲೋಕಕ್ಕೆ ಹೇಳಿದ. ನೂರಿಪ್ಪತ್ತು ವರ್ಷದ ಹಿಂದಿನ ಆ ಮನೆಯಲ್ಲಿ ನಡೆದದ್ದಕ್ಕೂ ನಮಗೆ ಕಾಫಿ ಕೊಟ್ಟ ಮನೆಯಲ್ಲಿ ನಡೆಯುತ್ತಿರುವುದಕ್ಕೂ ಎಷ್ಟು ಹೋಲಿಕೆ ಇದೆ ನೋಡಿ. ಅಲ್ಲಿ ಗಂಡನ ಮೇಲೆ ಅನುಮಾನ, ಇಲ್ಲಿ ಸೊಸೆಯ ಮೇಲೆ.

ಲೆಕ್ಕ ಏನು ಹೇಳುತ್ತದೆ

ನಮ್ಮ ದೇಶದಲ್ಲಿ 60 ದಾಟಿದವರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದ ಲೆಕ್ಕ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 60 ದಾಟಿದ 100 ಜನರಲ್ಲಿ 7ಕ್ಕಿಂತ ಹೆಚ್ಚು ಜನರಿಗೆ ಡಿಮೆನ್ಶಿಯಾ ಇದೆ. ಒಟ್ಟು ಸುಮಾರು 88 ಲಕ್ಷ ಜನ. ಗಂಡಸರಲ್ಲಿ ಇದು ಶೇ. 5.8, ಹೆಂಗಸರಲ್ಲಿ ಶೇ. 9. ಪಟ್ಟಣದಲ್ಲಿ ಶೇ. 5.3, ಹಳ್ಳಿಯಲ್ಲಿ ಶೇ. 8.4.

ಎರಡು ಲೆಕ್ಕವನ್ನೂ ಒಟ್ಟಿಗೆ ಇಟ್ಟು ನೋಡಿ. ಹೆಂಗಸರಿಗೆ ಹೆಚ್ಚು, ಹಳ್ಳಿಯವರಿಗೆ ಹೆಚ್ಚು. ಅಂದರೆ ಎಲ್ಲರಿಗಿಂತ ಹೆಚ್ಚು ಅಪಾಯ ಇರುವುದು ನಮ್ಮ ಹಳ್ಳಿಯ ಅಜ್ಜಿಯರಿಗೆ. ಎಲ್ಲರಿಗಿಂತ ಕಡಿಮೆ ಆಸ್ಪತ್ರೆ ಮೆಟ್ಟಿಲು ಹತ್ತುವವರೂ ಅವರೇ.

ಆದರೆ ನಮ್ಮ ಕಣ್ಣ ಮುಂದಿರುವ ಚಿತ್ರ ಬೇರೆ. ಮರೆವಿನ ಕಾಯಿಲೆ ಅಂದ ತಕ್ಷಣ ಕನ್ನಡಿಗರಿಗೆ ನೆನಪಾಗುವುದು 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾದಲ್ಲಿ ಕಳೆದುಹೋಗುವ ಅನಂತ್ ನಾಗ್. ಒಳ್ಳೆಯ ಸಿನಿಮಾ, ಎಷ್ಟೋ ಮನೆಗಳಿಗೆ ಈ ಕಾಯಿಲೆಯ ಪರಿಚಯ ಮಾಡಿಸಿತು. ಅದರಲ್ಲೂ ಕಳೆದುಹೋಗುವುದು ಅಪ್ಪನೇ.

ಹೆಣ್ಣಿನ ಮೆದುಳಿನಲ್ಲಿ ಏನಾಗುತ್ತದೆ

ಹೆಂಗಸರು ಹೆಚ್ಚು ವರ್ಷ ಬದುಕುತ್ತಾರೆ, ಅದಕ್ಕೇ ಅವರಲ್ಲಿ ಹೆಚ್ಚು ಅಂತ ಬಹಳ ಕಾಲ ಹೇಳುತ್ತಿದ್ದರು. ಅದು ನಿಜ, ಆದರೆ ಅಷ್ಟೇ ಅಲ್ಲ.

ಅಲ್ಝೈಮರ್ ಬಂದ ಮೆದುಳಿನಲ್ಲಿ ಎರಡು ಬಗೆಯ ಪ್ರೋಟೀನ್ ಕಸ ಸೇರಿಕೊಳ್ಳುತ್ತದೆ. ಒಂದು ನರಕೋಶಗಳ ಹೊರಗೆ ಗಂಟು ಕಟ್ಟುವ ಅಮಿಲಾಯ್ಡ್, ಇನ್ನೊಂದು ಕೋಶದ ಒಳಗೇ ಸಿಕ್ಕು ಹಾಕಿಕೊಳ್ಳುವ ಟೌ. ಗಂಡು ಹೆಣ್ಣು ಇಬ್ಬರಲ್ಲೂ ಅಮಿಲಾಯ್ಡ್ ಒಂದೇ ಮಟ್ಟದಲ್ಲಿದ್ದಾಗಲೂ ಹೆಂಗಸರ ಮೆದುಳಿನಲ್ಲಿ ಟೌ ಹೆಚ್ಚು ಸೇರಿರುವುದು ಹಲವು ಸ್ಕ್ಯಾನಿಂಗ್ ಅಧ್ಯಯನಗಳಲ್ಲಿ ಕಂಡಿದೆ. ಅಮೆರಿಕದ ಕ್ಯಾಥೊಲಿಕ್ ಸನ್ಯಾಸಿನಿಯರು ಮತ್ತು ಪಾದ್ರಿಗಳ ಮೆದುಳನ್ನು ಸಾವಿನ ನಂತರ ಪರೀಕ್ಷಿಸಿದ 2005ರ ಒಂದು ಅಧ್ಯಯನದಲ್ಲಿ, ಒಂದೇ ಪ್ರಮಾಣದ ಹಾನಿ ಇದ್ದರೂ ಬದುಕಿದ್ದಾಗ ಮರೆವಿನ ಕಾಯಿಲೆ ಹೊರಗೆ ಕಾಣಿಸಿಕೊಂಡಿರುವ ಸಾಧ್ಯತೆ ಹೆಂಗಸರಲ್ಲೇ ತುಂಬಾ ಹೆಚ್ಚಿತ್ತು.

ಮುಟ್ಟು ನಿಲ್ಲುವ ಕಾಲವೂ ಮುಖ್ಯ. ಈಸ್ಟ್ರೋಜನ್ ಹಾರ್ಮೋನು ಗರ್ಭಕೋಶಕ್ಕೆ ಮಾತ್ರ ಬೇಕಾದದ್ದಲ್ಲ. ಮೆದುಳು ಸಕ್ಕರೆಯನ್ನು ಇಂಧನವಾಗಿ ಬಳಸಿಕೊಳ್ಳಲೂ ಅದು ನೆರವಾಗುತ್ತದೆ. ಮುಟ್ಟು ನಿಂತಾಗ ಅದು ಇಳಿದುಹೋಗುತ್ತದೆ. ನಮ್ಮ ದೇಶದ ಹೆಂಗಸರಿಗೆ ಇದು 46-47ರ ಸುಮಾರಿಗೆ, ಅಮೆರಿಕ ಯುರೋಪಿನವರಿಗಿಂತ ಮೂರ್ನಾಲ್ಕು ವರ್ಷ ಮೊದಲೇ ಆಗುತ್ತದೆ. ಹಾಗಂತ ಅಂಗಡಿಯಲ್ಲಿ ಹಾರ್ಮೋನು ಮಾತ್ರೆ ಕೇಳಿ ತಿನ್ನಲು ಹೋಗಬೇಡಿ. 65 ದಾಟಿದ ಮೇಲೆ ಆ ಮಾತ್ರೆ ಶುರು ಮಾಡಿದವರಲ್ಲಿ ಮರೆವಿನ ಕಾಯಿಲೆ ಹೆಚ್ಚಾದದ್ದು 2003ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಗೊತ್ತಾಗಿದೆ.

ಇನ್ನೊಂದು ವಿಚಿತ್ರ ಇದೆ. ಮಾತು, ಹೆಸರು, ಕಥೆ ನೆನಪಿಟ್ಟುಕೊಳ್ಳುವುದರಲ್ಲಿ ಹೆಂಗಸರು ಗಂಡಸರಿಗಿಂತ ಸಾಮಾನ್ಯವಾಗಿ ಮುಂದೆ. ಮೆದುಳಿನಲ್ಲಿ ಕಾಯಿಲೆ ಶುರುವಾದ ಮೇಲೂ ಆ ಶಕ್ತಿ ಕೆಲವು ಕಾಲ ಅವರನ್ನು ಕಾಪಾಡುತ್ತದೆ. ನೆಂಟರ ಮದುವೆ ಯಾವ ವರ್ಷ, ಯಾರಿಗೆ ಎಷ್ಟು ಮಕ್ಕಳು ಅಂತ ಪಟಪಟ ಹೇಳುವ ಅಜ್ಜಿಗೆ ಮರೆವು ಅಂದರೆ ಯಾರು ನಂಬುತ್ತಾರೆ? ಹೀಗೆ ಕಾಯಿಲೆ ಮರೆಯಲ್ಲೇ ಬೆಳೆಯುತ್ತದೆ. ಹೊರಗೆ ಕಾಣಿಸುವ ಹೊತ್ತಿಗೆ ತುಂಬಾ ಮುಂದೆ ಹೋಗಿರುತ್ತದೆ, ಆಮೇಲೆ ಬೇಗ ಬೇಗ ಇಳಿಯುತ್ತದೆ.

ಗಂಡಸರ ದಾರಿ ಬೇರೆ

ಗಂಡಸರು ಇದರಿಂದ ಪಾರು ಅಂತಲ್ಲ. ರಕ್ತನಾಳ ಹಾಳಾಗಿ ಬರುವ ಮರೆವು ಗಂಡಸರಲ್ಲಿ ಹೆಚ್ಚು. ಬೀಡಿ, ಕುಡಿತ, ಅಳೆಸದ ಬಿಪಿ, ಅರ್ಧಕ್ಕೆ ಬಿಟ್ಟ ಶುಗರ್ ಮಾತ್ರೆ ಇದರ ಬೇರು. ಸಣ್ಣಗೆ ಸ್ಟ್ರೋಕ್ ಆಗಿ ಹೋಗಿರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಈ ಮರೆವು ಮೆಟ್ಟಿಲು ಇಳಿದ ಹಾಗೆ ಬರುತ್ತದೆ: ಇದ್ದಕ್ಕಿದ್ದಂತೆ ಒಂದು ಹಂತ ಕೆಳಗೆ, ಕೆಲವು ತಿಂಗಳು ಹಾಗೇ, ಮತ್ತೆ ಒಂದು ಹಂತ.

ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುವವರಲ್ಲೂ ಗಂಡಸರೇ ಜಾಸ್ತಿ. ಆ ಪೆಟ್ಟು ಮೂವತ್ತು ವರ್ಷ ಆದಮೇಲೂ ಲೆಕ್ಕ ಕೇಳುತ್ತದೆ. ಲೂಯಿ ಬಾಡಿ ಅನ್ನುವ ಇನ್ನೊಂದು ಬಗೆಯೂ ಗಂಡಸರಲ್ಲಿ ಹೆಚ್ಚು. ಅದರಲ್ಲಿ ಕೈಕಾಲು ಬಿಗಿಯಾಗುತ್ತದೆ, ಯಾರೂ ಇಲ್ಲದ ಕಡೆ ಮನುಷ್ಯರೋ ಪ್ರಾಣಿಗಳೋ ಕಾಣಿಸುತ್ತವೆ. ಅಂಥವರನ್ನು ಗಾಳಿ ಸೋಕಿದೆ ಅಂತ ಮಂತ್ರ ಹಾಕಿಸಲು ಕರೆದುಕೊಂಡು ಹೋದದ್ದನ್ನು ನಾವು ನೋಡಿದ್ದೇವೆ. ಹೋಗಬೇಕಾದದ್ದು ನರರೋಗದ ಡಾಕ್ಟರ ಹತ್ತಿರ. ಕೆಲವು ಮಾನಸಿಕ ರೋಗದ ಮಾತ್ರೆಗಳು ಈ ಬಗೆಯವರಿಗೆ ತುಂಬಾ ಅಪಾಯ, ಅದಕ್ಕೇ ಯಾವ ಬಗೆ ಅಂತ ತಿಳಿಯುವುದು ಮುಖ್ಯ.

ಅಕ್ಷರ ಕಲಿಸದ ಸಾಲ

"ಕಾಯಿಲೆಯಲ್ಲೂ ಗಂಡು ಹೆಣ್ಣು ಅಂತ ಯಾಕೆ ತರ್ತೀರಿ?" ಅಂತ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಮೆರಿಕದ ಹಲವು ಅಧ್ಯಯನಗಳಲ್ಲಿ ಒಂದೇ ವಯಸ್ಸಿನ ಗಂಡಸು ಹೆಂಗಸರನ್ನು ಹೋಲಿಸಿದಾಗ ಹೊಸದಾಗಿ ಕಾಯಿಲೆ ಬರುವುದರಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಯುರೋಪಿನ ಕೆಲವು ಕಡೆ ಹೆಂಗಸರಲ್ಲಿ ಹೆಚ್ಚು ಕಂಡಿದೆ. ಹುಟ್ಟಿನಿಂದ ಬಂದ ಮೆದುಳು ಮಾತ್ರ ಕಾರಣವಾಗಿದ್ದರೆ ಎಲ್ಲ ದೇಶದಲ್ಲೂ ಒಂದೇ ಥರ ಇರಬೇಕಿತ್ತು. ಹಾಗಿಲ್ಲ ಅಂದಮೇಲೆ ಬದುಕಿದ ರೀತಿಗೂ ಇದರಲ್ಲಿ ಪಾಲಿದೆ.

ಮೆದುಳಿನ ತಜ್ಞರು ಹೇಳುವ ಒಂದು ಮಾತು ನಮ್ಮ ಊರಿಗೆ ಚೆನ್ನಾಗಿ ಒಪ್ಪುತ್ತದೆ. ಚಿಕ್ಕಂದಿನಲ್ಲಿ ಕಲಿತ ಓದು ಬರಹ ಮೆದುಳಿಗೆ ಕಣಜದಲ್ಲಿಟ್ಟ ರಾಗಿ ಇದ್ದ ಹಾಗೆ. ಬರ ಬಂದಾಗ ಕೈ ಹಿಡಿಯುತ್ತದೆ. ಓದಿದವರಿಗೆ ಕಾಯಿಲೆ ಬರುವುದೇ ಇಲ್ಲ ಅಂತಲ್ಲ, ಬಂದರೂ ತಡವಾಗಿ ಕಾಣಿಸಿಕೊಳ್ಳುತ್ತದೆ. ಈಗ ಎಪ್ಪತ್ತು ದಾಟಿರುವ ನಮ್ಮ ಅಜ್ಜಿಯರನ್ನು ಯಾರು ಶಾಲೆಗೆ ಕಳಿಸಿದರು? ಅಣ್ಣ ತಮ್ಮಂದಿರು ಸ್ಲೇಟು ಹಿಡಿದು ಹೋಗುವಾಗ ಅವರು ತಂಗಿಯನ್ನು ಸೊಂಟಕ್ಕೆತ್ತಿಕೊಂಡು ದನ ಕಾಯುತ್ತಿದ್ದರು. ಅವರ ಕಣಜಕ್ಕೆ ನಾವು ಕಾಳು ಹಾಕಲಿಲ್ಲ. ಬರ ಬಂದಾಗ ಮಾತ್ರ ಅವರ ಹಣೆಬರಹ ಅಂತೀವಿ.

ಪರೀಕ್ಷೆಯಲ್ಲೂ ಇದೇ ಕಥೆ. ಇವತ್ತು ತಾರೀಖು ಎಷ್ಟು, ನೂರರಿಂದ ಏಳು ಕಳೆಯಿರಿ, ಒಂದು ವಾಕ್ಯ ಬರೆಯಿರಿ ಅಂತ ಕೇಳಿದರೆ ಓದು ಬಾರದ ಅಜ್ಜಿ, ಆರೋಗ್ಯವಾಗಿದ್ದರೂ ಫೇಲಾಗುತ್ತಾರೆ. ಅಮಾವಾಸ್ಯೆ ಎಂದು, ಈ ಸಲ ರಾಗಿ ಯಾವ ಮಳೆಗೆ ಬಿತ್ತಿದರು ಅಂತ ಕೇಳಿದರೆ ಸರಿಯಾಗಿ ಹೇಳುತ್ತಾರೆ. ಇದು ತಿಳಿದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಕನ್ನಡವೂ ಸೇರಿ ಐದು ಭಾಷೆಗಳಲ್ಲಿ, ಓದು ಬಾರದವರಿಗೂ ಹೊಂದುವ ಪರೀಕ್ಷೆಗಳನ್ನು ಸಿದ್ಧ ಮಾಡಿದ್ದಾರೆ. ಅವು ಜಿಲ್ಲಾಸ್ಪತ್ರೆಯ ಟೇಬಲ್ಲಿಗೆ ಮಾತ್ರವಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಟೇಬಲ್ಲಿಗೂ ಬರಬೇಕು.

ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲೇ ಈ ಬಗ್ಗೆ ದೊಡ್ಡ ಅಧ್ಯಯನ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ 10 ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದ್ದಾರೆ. ಮಾವಿನ ತೋಪಿನಲ್ಲಿ ದುಡಿದ ಹೆಂಗಸಿನ ಮೆದುಳಿನ ಕಥೆ ಇನ್ನು ಮುಂದೆ ಅಮೆರಿಕದ ಲೆಕ್ಕದಿಂದ ಊಹಿಸಬೇಕಾಗಿಲ್ಲ ಅನ್ನುವುದು ನಮಗೆ ಸಮಾಧಾನ.

ಗರ್ಭಕೋಶದ ಆಪರೇಷನ್ ಬಗ್ಗೆ ಒಂದು ಮಾತು

ಇದನ್ನು ಬರೆಯಲೇಬೇಕು. ಹಳ್ಳಿಗಳಲ್ಲಿ ಮೂವತ್ತೈದು ನಲವತ್ತಕ್ಕೇ ಗರ್ಭಕೋಶ ತೆಗೆಸಿಕೊಂಡವರು ಎಷ್ಟು ಜನ ಇದ್ದಾರೆ, ನಿಮ್ಮ ಬೀದಿಯಲ್ಲೇ ಎಣಿಸಿ ನೋಡಿ. ಬಿಳಿ ಮುಟ್ಟು, ಸೊಂಟನೋವು ಅಂತ ಹೋದವರಿಗೆ, ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತೆ ಅಂತ ಹೆದರಿಸಿ ಕೊಯ್ದ ದೂರುಗಳಿವೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳು ಇದೇ ವಿಷಯಕ್ಕೆ ಬೀದಿಗಿಳಿದು ಹೋರಾಡಿದ್ದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಬೇಡದ ಗರ್ಭಕೋಶ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಅಂತ ರಾಜ್ಯಗಳಿಗೆ ಹೇಳಿದೆ.

ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜನ್ ಒಂದೇ ದಿನದಲ್ಲಿ ನಿಂತಂತೆ. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಅಂಡಾಶಯ ತೆಗೆಸಿಕೊಂಡವರಲ್ಲಿ ಮುಂದೆ ಮರೆವಿನ ಕಾಯಿಲೆ ಹೆಚ್ಚು ಅಂತ ಅಮೆರಿಕದ ಮೇಯೋ ಕ್ಲಿನಿಕ್ಕಿನವರು 2007ರಲ್ಲೇ ತೋರಿಸಿದ್ದಾರೆ. ಕ್ಯಾನ್ಸರ್, ದೊಡ್ಡ ಗಡ್ಡೆ ಅಂತಿದ್ದರೆ ಆಪರೇಷನ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಹಿ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ. ಆಪರೇಷನ್ ಇಲ್ಲದೆ ವಾಸಿ ಮಾಡಲು ಆಗಲ್ವಾ? ಅಂಡಾಶಯ ಉಳಿಸ್ತೀರಾ, ತೆಗಿತೀರಾ? ಇನ್ನೊಬ್ಬ ಡಾಕ್ಟರ ಹತ್ತಿರವೂ ಒಮ್ಮೆ ತೋರಿಸಿ. ಮೂವತ್ತೈದರ ತಾಯಿಯ ಆ ಸಹಿ ಎಪ್ಪತ್ತರ ಅಜ್ಜಿಯ ಮೆದುಳಿಗೂ ಸಂಬಂಧಪಟ್ಟದ್ದು.

ನೋಡಿಕೊಳ್ಳುವವರು ಯಾರು

ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವ ಒಟ್ಟು ಹೊತ್ತಿನಲ್ಲಿ ಶೇ. 70ರಷ್ಟನ್ನು ಹೆಂಗಸರೇ ಕೊಡುತ್ತಿದ್ದಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೋಕದ ಲೆಕ್ಕ ಇದು. ನಮ್ಮ ಊರಿನಲ್ಲಿ ಮಾವನಿಗೆ ಬಂದರೂ ಅತ್ತೆಗೆ ಬಂದರೂ ಸ್ನಾನ ಮಾಡಿಸುವವಳು, ಬಟ್ಟೆ ಒಗೆಯುವವಳು, ರಾತ್ರಿ ಎದ್ದು ಬಾಗಿಲು ನೋಡುವವಳು ಒಬ್ಬಳೇ. ತಾತನಿಗೆ ಬಂದರೆ ಅಜ್ಜಿ ನೋಡಿಕೊಳ್ಳುತ್ತಾರೆ. ಅಜ್ಜಿಗೆ ಬಂದರೆ ಎಷ್ಟು ಮನೆಯಲ್ಲಿ ತಾತ ನೋಡಿಕೊಳ್ಳುತ್ತಾರೆ?

ನಮಗೆ ಕಾಫಿ ಕೊಟ್ಟ ಆ ಸೊಸೆಯನ್ನೇ ನೆನೆಯಿರಿ. ಎರಡು ವರ್ಷ ಕಳ್ಳಿ ಅನ್ನಿಸಿಕೊಂಡಿದ್ದಾಳೆ. ಗಂಡ ನಂಬಲಿಲ್ಲ, ನಾದಿನಿಯರು ನಂಬಲಿಲ್ಲ. ಮೊದಲ ವರ್ಷವೇ ಪರೀಕ್ಷೆ ಆಗಿದ್ದರೆ ಅದು ಅತ್ತೆಯ ಮಾತಲ್ಲ, ಕಾಯಿಲೆಯ ಮಾತು ಅಂತ ಮನೆಯವರಿಗೆಲ್ಲ ತಿಳಿಯುತ್ತಿತ್ತು. ಕಾಯಿಲೆ ವಾಸಿಯಾಗದೇ ಇರಬಹುದು, ಮನೆಯ ಜಗಳ ವಾಸಿಯಾಗುತ್ತಿತ್ತು. ವಾಸಿಯಾಗದ ಕಾಯಿಲೆಗೆ ಆಸ್ಪತ್ರೆ ಯಾಕೆ ಅನ್ನುವವರಿಗೆ ನಮ್ಮ ಮೊದಲ ಉತ್ತರ ಇದು.

ಎರಡನೇ ಉತ್ತರ: ಮರೆವೆಲ್ಲ ಡಿಮೆನ್ಶಿಯಾ ಅಲ್ಲ. ಥೈರಾಯ್ಡ್ ಏರುಪೇರು, ಬಿ12 ಕೊರತೆ, ಮನಸ್ಸಿನ ಖಿನ್ನತೆಯಿಂದಲೂ ಮರೆವು ಬರುತ್ತದೆ. ಥೈರಾಯ್ಡ್ ಮತ್ತು ಖಿನ್ನತೆ ಎರಡೂ ಹೆಂಗಸರಲ್ಲೇ ಹೆಚ್ಚು. ಇವುಗಳಿಗೆ ಚಿಕಿತ್ಸೆ ಇದೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ ತೊಂದರೆಗೆ ವಯಸ್ಸಿನ ಹಣೆಪಟ್ಟಿ ಹಚ್ಚಿ ಕೂರಿಸಿದರೆ ಅದು ನಾವು ಮಾಡುವ ಅನ್ಯಾಯ.

ಏನು ಗಮನಿಸಬೇಕು, ಎಲ್ಲಿಗೆ ಹೋಗಬೇಕು

ತಾತ ಸಂತೆಯಲ್ಲಿ ಚಿಲ್ಲರೆ ಲೆಕ್ಕ ತಪ್ಪಿದರೆ, ಗೊತ್ತಿರುವ ದಾರಿ ತಪ್ಪಿದರೆ ಬೇಗ ತಿಳಿಯುತ್ತದೆ. ಅಜ್ಜಿಯ ವಿಷಯದಲ್ಲಿ ಅಡುಗೆಮನೆ ಕಡೆ ನೋಡಿ. ಐವತ್ತು ವರ್ಷ ತಿರುವಿದ ಮುದ್ದೆಯ ಹದ ತಪ್ಪುತ್ತಿದೆಯೇ? ಒಲೆ, ಗ್ಯಾಸ್ ಆರಿಸಲು ಮರೆಯುತ್ತಿದ್ದಾರೆಯೇ? ಹಬ್ಬದ ಅಡುಗೆಯಲ್ಲಿ ಯಾವುದಾದ ಮೇಲೆ ಯಾವುದು ಅಂತ ತಿಳಿಯದೆ ನಿಂತುಬಿಡುತ್ತಾರೆಯೇ? ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆಯೇ? ಇದ್ದಕ್ಕಿದ್ದಂತೆ ಅನುಮಾನ, ಅಳು, ಮಂಕು ಕಾಣಿಸುತ್ತಿದೆಯೇ? ಇವು ಕೆಲವು ತಿಂಗಳಿಂದ ಹೆಚ್ಚುತ್ತಿದ್ದರೆ ತಡ ಮಾಡಬೇಡಿ.

ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಮೆದುಳು ಆರೋಗ್ಯದ ಯೋಜನೆ ಶುರು ಮಾಡಿದವು. ಮೊದಲು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆ ಮತ್ತು ಬೆಂಗಳೂರಿನ ಜಯನಗರ ಆಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ತೆರೆದು, ಆಮೇಲೆ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿದರು. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಯಾವ ದಿನ ಇರುತ್ತದೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ನೋಡಿಕೊಳ್ಳುವವರಿಗೇ ಮನಸ್ಸು ಕುಸಿದರೆ 14416 ಟೆಲಿ ಮಾನಸ್ ನಂಬರಿಗೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೂ ವಯಸ್ಸಾಗದವರಿಗೆ ಒಂದು ಒಳ್ಳೆಯ ಸುದ್ದಿಯೂ ಇದೆ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ತಂಡ 2024ರಲ್ಲಿ 14 ಅಪಾಯಗಳನ್ನು ಪಟ್ಟಿ ಮಾಡಿ, ಇವನ್ನು ತಡೆದರೆ ಸುಮಾರು ಶೇ. 45ರಷ್ಟು ಡಿಮೆನ್ಶಿಯಾವನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಅಂದಿದೆ. ಬಿಪಿ, ಶುಗರ್, ಕೊಬ್ಬು, ಬೀಡಿ ಸಿಗರೇಟು, ಕುಡಿತ, ತಲೆಪೆಟ್ಟು, ಕಿವಿ ಕೇಳಿಸದಿರುವುದು, ಕಣ್ಣು ಕಾಣಿಸದಿರುವುದು, ಒಂಟಿತನ, ಓದು ಇಲ್ಲದಿರುವುದು ಎಲ್ಲ ಅದರಲ್ಲಿವೆ. ಅಜ್ಜಿಯ ಕಣ್ಣಿನ ಪೊರೆ ತೆಗೆಸುವುದೂ, ಕಿವಿಗೆ ಮಿಷನ್ ಹಾಕಿಸುವುದೂ ಮೆದುಳಿನ ಚಿಕಿತ್ಸೆಯೇ. ಮಗಳನ್ನು ಹತ್ತನೇ ಕ್ಲಾಸಿಗೇ ಬಿಡಿಸದಿರುವುದೂ ಅಷ್ಟೇ.

ನಾವು ಕೇಳುವುದು ಹೆಚ್ಚೇನಿಲ್ಲ. ಮನೆಮನೆಗೆ ಬಂದು ಬಿಪಿ, ಶುಗರ್ ನೋಡುವ ಆರೋಗ್ಯ ಸಿಬ್ಬಂದಿ 60 ದಾಟಿದವರಿಗೆ ಮರೆವಿನ ನಾಲ್ಕು ಪ್ರಶ್ನೆಯನ್ನೂ ಕೇಳಲಿ, ಅಜ್ಜಿಯ ಪ್ರಶ್ನೆಗೆ ಮಗ ಉತ್ತರ ಹೇಳದಿರಲಿ, ಅಡುಗೆಮನೆಯವರನ್ನು ಕೇಳಲಿ. ಗಂಡುಮಕ್ಕಳು ತಿಂಗಳಲ್ಲಿ ನಾಲ್ಕು ದಿನವಾದರೂ ಅಮ್ಮನ ಪಕ್ಕ ಕೂತು ಉಣ್ಣಿಸಲಿ, ಸೊಸೆ ತವರಿಗೆ ಹೋಗಿ ನಿದ್ದೆ ಮಾಡಿ ಬರಲಿ.

ಆ ಸೊಸೆಗೆ ಮೊನ್ನೆ ಫೋನ್ ಮಾಡಿದ್ದೆವು. ಕೊನೆಗೂ ಗಂಡ ರಜ ಹಾಕಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾನೆ. ಅಲ್ಝೈಮರ್ ಅಂದಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ. "ಈಗಲೂ ದುಡ್ಡು ಕದ್ದೆ ಅಂತಾರಾ?" ಅಂತ ಕೇಳಿದೆವು. "ಅಂತಾರೆ ಅಣ್ಣ," ಅಂದಳು. "ಆದ್ರೆ ಈಗ ಇವರು ಬಂದು ಅಕ್ಕಿ ಡಬ್ಬದಲ್ಲಿ ಹುಡುಕಿ ಕೊಡ್ತಾರೆ."